ಅಕ್ಕನ ಅಜೇಲಿಯಾ, ಅವ್ವನ ವಿಭೂತಿ

ಗಿಡ ನನ್ನದಲ್ಲ, ಚಿತ್ತಾಪುರದ ಅಕ್ಕನದು. ಚಿಕಿತ್ಸೆಗೆಂದು ಹೈದರಾಬಾದಿಗೆ ಹೊರಟವಳು ನಮ್ಮೂರು ಸೇಡಂನಲ್ಲಿ ಇಳಿದು, ಸೆರಗು ಮರೆ ಮಾಡಿ ತಂದ ಅಜೇಲಿಯಾ ಹೂಗಿಡದ ಕುಂಡವನ್ನು ನನ್ನ ಕೈಗಿಟ್ಟಳು. "ನಾ ಬರೂತನ ಜ್ವಾಕಿ ಮಾಡು ತಮ್ಮಾ. ಇದಕ್ಕ ಸುಣ್ಣ ಆಗಿಬರಂಗಿಲ್ಲ" ಎಂದಳು. 'ನಾ ಬರೂತನ' ಎಂಬುದನ್ನು ಅವಳು ಹಗುರಾಗಿಯೇ ಅಂದಿರಬೇಕು. ಹಗುರಾಗಿ ತೆಗೆದುಕೊಳ್ಳುವ ಪೈಕಿ ನಾನಲ್ಲ. ಗಿಡ ಹೋದರೆ ಅಕ್ಕನಿಗೂ ಏನಾದರೂ... ಇದನ್ನು ಯೋಚಿಸಬಾರದು ಎಂದು ದಿನಕ್ಕೆ ಹತ್ತು ಸಲ ಯೋಚಿಸುತ್ತಿದ್ದೆ.

ಸುಣ್ಣ ಆಗದ ಗಿಡಕ್ಕೆ ನಮ್ಮೂರು ಹೇಳಿ ಮಾಡಿಸಿದ ಜಾಗ. ಕಾಲ ಕೆಳಗೆ ಸುಣ್ಣದ ಕಲ್ಲು, ತಲೆಯ ಮೇಲೆ ಸಿಮೆಂಟಿನ ಧೂಳು. ಬೋರಿನ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರು. ಹಾಗಾಗಿ ಕಚೇರಿಯ ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಾಟಲಿಯಲ್ಲಿ ಹಿಡಿದು ತರತೊಡಗಿದೆ. ಆ ನೀರಿನಲ್ಲಿ ಕುಂಡ ಅದ್ದಿ, ಗುಳ್ಳೆ ನಿಲ್ಲುವವರೆಗೆ ಕಾದು, ಮೇಲೆತ್ತಿ ಸೋರಲು ಬಿಡುತ್ತಿದ್ದೆ. ನನ್ನ ಮಕ್ಕಳ ಸ್ನಾನವನ್ನೂ ಇಷ್ಟು ನಿಗಾ ಇಟ್ಟು ಮಾಡಿಸಿದವನಲ್ಲ.

ನೇರ ಬಿಸಿಲು ಬೀಳದ, ತಂಪಾದ, ಬೆಳಕಿರುವ ಜಾಗ ಮನೆಯಲ್ಲಿ ಒಂದೇ: ದೇವರ ಕೋಣೆಯ ಉತ್ತರದ ಕಿಟಕಿ. ಅಲ್ಲಿ ಇಟ್ಟವನು ನಾನೇ, ಬೇರೆ ಯಾರನ್ನೂ ದೂರುವಂತಿಲ್ಲ.

ಅವ್ವ ಲಿಂಗಪೂಜೆಯ ನೀರನ್ನು ಯಾರೂ ತುಳಿಯಬಾರದೆಂದು ಅಂಗಳದ ದಾಸವಾಳದ ಬುಡಕ್ಕೆ ಹಾಕುತ್ತಿದ್ದಳು. ಮೊಣಕಾಲು ನೋವಿನವಳಿಗೆ ಈಗ ಕೈಗೆಟುಕುವ ಗಿಡ ಸಿಕ್ಕಿತು. ಬೋರಿನ ನೀರು, ಅದರ ಮೇಲೆ ಅಕ್ಕನ ಹೆಸರಿನಲ್ಲಿ ದಿನಾ ಒಂದು ಚಿಟಿಕೆ ವಿಭೂತಿ. ಈ ಗಿಡದ ಮಟ್ಟಿಗೆ ವಿಭೂತಿಯೂ ಸುಣ್ಣದ ಒಡಹುಟ್ಟೇ. ನನಗೆ ಗೊತ್ತಾಗುವಷ್ಟರಲ್ಲಿ ಗಿಡದ ಒಂದು ಮಗ್ಗುಲಿನ ಎಲೆಗಳು ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿದಿದ್ದವು.

"ಸ್ವಲ್ಪ ಕಡಿಮಿ ಹಾಕವ್ವ" ಎಂದೆ.

"ಯಾಕ? ಆಕಿಗಿ ಕಡಿಮಿ ಆರಾಮ ಆಗ್ಲೇನು?" ಎಂದಳು.

ಮರುದಿನದಿಂದ ಅವ್ವ ಎದ್ದುಹೋದ ಮೇಲೆ ಚಮಚದಿಂದ ವಿಭೂತಿ ಕೆರೆದು ತೆಗೆಯತೊಡಗಿದೆ. ತೆಗೆದದ್ದನ್ನು ಎಲ್ಲಿ ಚೆಲ್ಲುವುದು? ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ಹಣೆಗೆ ಬಳಿದುಕೊಂಡು ಕಚೇರಿಗೆ ಹೋದೆ. ಮಣ್ಣು ಸೇರಿ ಬಣ್ಣ ತುಸು ಕಂದಾಗಿತ್ತು. ಪಕ್ಕದ ಮೇಜಿನವರು ದಿಟ್ಟಿಸಿ ನೋಡಿ, ರಿಟೈರ್ ಆದ ಮೇಲೆ ಮಠ ಸೇರುವ ತಯಾರಿಯೇ ಎಂದು ಕೇಳಿದರು.

ಅಕ್ಕ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಹಸಿರು ಉಳಿದ ಮಗ್ಗುಲನ್ನೇ ತೋರಿಸುತ್ತಿದ್ದೆ. ಕಳೆದ ವಾರ ಅವ್ವ ನನ್ನ ಕೈಯಿಂದ ಫೋನ್ ಇಸಿದುಕೊಂಡು, "ನಿನ್ನ ಹೆಸರ್ಲೆ ದಿನಾ ವಿಭೂತಿ ಹಾಕಾಕತ್ತೀನಿ ನೋಡವ್ವ" ಎಂದು ಹಳದಿ ಮಗ್ಗುಲನ್ನೇ ತೋರಿಸಿಬಿಟ್ಟಳು. ಅಷ್ಟೊತ್ತಿಗೆ ಅಲ್ಲಿ ಎಲೆಗಿಂತ ಕಡ್ಡಿಯೇ ಹೆಚ್ಚಿತ್ತು.

ತಲೆಗೆ ವಸ್ತ್ರ ಸುತ್ತಿಕೊಂಡಿದ್ದ ಅಕ್ಕ ಫೋನಿಗೆ ಮುಖ ಹತ್ತಿರ ತಂದು ನೋಡಿದಳು. "ಹಾಕವ್ವ, ದಿನಾ ಹಾಕು" ಎಂದಳು.

ಅವ್ವ ಸಮಾಧಾನದಿಂದ ಒಳಗೆ ಹೋದಳು. ಅಕ್ಕ ನನ್ನ ಹಣೆ ನೋಡಿ ಇದೇನು ಅವತಾರ ಎಂದು ಕೇಳಿದಳು. ಎಲ್ಲ ಹೇಳಿದೆ. ಕೆಮ್ಮು ಬರುವವರೆಗೆ ನಕ್ಕಳು. ಆಮೇಲೆ ಮೆಲ್ಲಗೆ, "ಇನ್ನ ಕೆರೀಬ್ಯಾಡ. ಗಿಡಾ ಹೋದ್ರ ಮತ್ತೊಂದು ತರೂಣು. ಅವ್ವಗ ಬ್ಯಾರೆ ಏನು ಮಾಡ್ಲಿಕ್ಕಿ ಅದ?" ಎಂದಳು.

ನನಗಾದರೂ ಬೇರೆ ಏನಿತ್ತು ಮಾಡಲಿಕ್ಕೆ?

ಮರುದಿನ ಬೆಳಿಗ್ಗೆ ಅವ್ವ ನೀರು ಹಾಕಿ, ವಿಭೂತಿ ಉದುರಿಸಿ, ಅಕ್ಕನ ಹೆಸರು ಹೇಳಿ ಎದ್ದುಹೋದಳು. ಚಮಚ ಹಿಡಿದು ಕುಂಡದ ಮುಂದೆ ಬಹಳ ಹೊತ್ತು ನಿಂತೆ. ಕೊನೆಗೆ ಅರ್ಧ ಕೆರೆದೆ, ಅರ್ಧ ಬಿಟ್ಟೆ.