ಗೇಣುದ್ದದ ತಂತಿ

ಮಿಲ್ಲು, ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟಿಕೊಡುವುದು ನನ್ನ ಕಸುಬು. ನಂಜನಗೂಡಿನಲ್ಲಿ ಒಂದು ಶೆಡ್ಡು ಇದೆ. ಪ್ಯಾನೆಲ್ ವಿಷಯದಲ್ಲಿ ನಾನು ಮಹಾ ಮಡಿವಂತ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು. ಕೆಲಸ ಮುಗಿಸಿದ ಕರೆಂಟ್ ವಾಪಸ್ ಹೋಗುವ ದಾರಿ ನ್ಯೂಟ್ರಲ್. ದಾರಿ ತಪ್ಪಿ ತಗಡಿಗೆ ಹತ್ತಿದ ಕರೆಂಟನ್ನು ನೆಲಕ್ಕಿಳಿಸುವುದು ಅರ್ತ್. ಎರಡಕ್ಕೂ ಬೇರೆ ಬೇರೆ ತಾಮ್ರದ ಪಟ್ಟಿ. ಒಂದೇ ಡಬ್ಬದಲ್ಲಿದ್ದರೂ ಮಾತು ಬಿಟ್ಟ ದಾಯಾದಿಗಳ ಹಾಗೆ ಅವು ದೂರ ಇರಬೇಕು. ಪ್ಯಾನೆಲ್‌ ಒಳಗೆ ಅವನ್ನು ಜೋಡಿಸಿದವರನ್ನು ಕಂಡರೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಬೈಯುವುದಕ್ಕೇನು ಕಷ್ಟ.

ಎರಡು ಬೇಸಿಗೆಯ ಹಿಂದೆ ಟಿ. ನರಸೀಪುರದ ಹತ್ತಿರದ ಒಂದು ಅಕ್ಕಿ ಮಿಲ್ಲಿನಿಂದ ಫೋನ್ ಬಂತು. ನಾನೇ ಕಟ್ಟಿದ ಪ್ಯಾನೆಲ್. ಹೊರಗಿನಿಂದ ಬರುವ ನ್ಯೂಟ್ರಲ್ ಕೇಬಲ್ ಸುಟ್ಟು, ಒಂದು ಮೋಟಾರೂ ಚಾಲೂ ಆಗುತ್ತಿರಲಿಲ್ಲ. ತೊಟ್ಟಿಯಲ್ಲಿ ಕುಸುಬಲಕ್ಕಿಗೆ ನೆನೆಹಾಕಿದ್ದ ಭತ್ತವಿತ್ತು.

“ಏನಾದ್ರೂ ಮಾಡಿ ಕಣ್ರೀ, ನಾಳೀಕೆ ಭತ್ತ ನಾತ ಹೊಡೀತದೆ,” ಎಂದು ಮಾಲೀಕರು ಬೆನ್ನು ಬಿಡಲಿಲ್ಲ.

ಗೇಣುದ್ದದ ತಂತಿ ಕತ್ತರಿಸಿ ಎರಡೂ ಪಟ್ಟಿಗಳನ್ನು ಜೋಡಿಸಿಬಿಟ್ಟೆ. ನ್ಯೂಟ್ರಲ್ ಕೆಲಸವನ್ನೂ ಅರ್ತೇ ಮಾಡತೊಡಗಿತು, ಮಿಲ್ಲು ಓಡಿತು. ಅರ್ತ್ ಗುಂಡಿ ಒಣಗಿದರೆ ಕರೆಂಟು ನೆಲಕ್ಕಿಳಿಯದೆ ಪ್ಯಾನೆಲ್ಲಿನ ತಗಡಿನ ಮೇಲೇ ಕೂರುತ್ತದೆ. ಅದಕ್ಕೇ ಗುಂಡಿಗೆ ದಿನಾ ಎರಡು ಕೊಡ ನೀರು ಹುಯ್ಯಿಸಿ, ನಾಳೆಯೇ ಕೇಬಲ್ ತರಿಸಿ ಎಂದೆ. ಅವರು ತಲೆಯಾಡಿಸಿದರು. ನೀರೂ ಇಲ್ಲ, ಕೇಬಲ್ಲೂ ಇಲ್ಲ. ನಾನೂ ವಿಚಾರಿಸಲಿಲ್ಲ.

ಮೂರು ವಾರದ ಮೇಲೆ ಬೇರೇನೋ ರಿಪೇರಿಗೆ ಅಲ್ಲಿಗೆ ಹೋದಾಗ ಮಿಲ್ಲಿನ ಕಸ ಗುಡಿಸುವ ಹೆಂಗಸು ನನ್ನನ್ನು ತಡೆದರು. ಪ್ರತಿ ಶುಕ್ರವಾರ ಪ್ಯಾನೆಲ್ಲಿನ ಬಾಗಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂರು ಗೆರೆ ವಿಭೂತಿ ಎಳೆದು, ಹೂವಿಡುವುದು ಅವರ ಪಾಲಿನ ಕೆಲಸ.

“ಸಾ, ಬಾಗ್ಲು ಮುಟ್ಟುದ್ರೆ ಕೈ ಜುಮ್ ಅಂತದೆ.”

ಯಾಕೆಂದು ನನಗೆ ಗೊತ್ತಿತ್ತು. ಆದರೂ ತಂತಿ ಬಿಚ್ಚಿದರೆ ಮಿಲ್ಲು ನಿಲ್ಲುತ್ತದೆ, ಮಾಲೀಕರು ಕೂಗಾಡುತ್ತಾರೆ. “ಚಪ್ಪಲಿ ಹಾಕ್ಕೊಂಡು ಮುಟ್ಟು ಕಣಕ್ಕಾ,” ಎಂದೆ.

ಅವರು ನಕ್ಕರು. “ಮೆಟ್ಟಾಕ್ಕಂಡು ಯಾರಾದ್ರೂ ಪೂಜೆ ಮಾಡ್ತಾರಾ ಸಾ?”

ನಾನೂ ನಕ್ಕು ಬಂದೆ. ಆ ನಗು ನೆನಪಾದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸುತ್ತದೆ.

ಮುಂದಿನ ಶುಕ್ರವಾರವೇ ಆಯಿತು. ಬರಿಗಾಲು, ಒದ್ದೆ ಬಟ್ಟೆ, ಒಣಗಿ ಬಿರಿದ ಗುಂಡಿ. ಯಾರೋ ಮೇನ್ ಸ್ವಿಚ್ ಇಳಿಸಿದ್ದರಿಂದ ಜೀವ ಉಳಿಯಿತು. ಬಲಗೈಯ ಎರಡು ಬೆರಳು ಸುಟ್ಟು ಸೆಟೆದುಕೊಂಡವು. ಸುದ್ದಿ ಕೇಳಿ ನಾನು ಬೈಕ್ ಹತ್ತಿ ಓಡಿದ್ದು ಆಸ್ಪತ್ರೆಗಲ್ಲ, ಮಿಲ್ಲಿಗೆ. ವಿಚಾರಣೆಯವರು ಬರುವುದರೊಳಗೆ ಪ್ಯಾನೆಲ್ಲಿನ ಬಾಗಿಲು ತೆಗೆದು ಆ ತಂತಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅವರು ಬಂದಾಗ ಎರಡು ಪಟ್ಟಿಗಳೂ ದೂರ ದೂರ ಇದ್ದವು.

“ಕೆಲಸ ಅಚ್ಚುಕಟ್ಟಾಗಿದೆ,” ಎಂದರು ಬಂದವರಲ್ಲೊಬ್ಬರು. ಹೊರಗಿನ ಸುಟ್ಟ ಕೇಬಲ್ ನೋಡಲು ಹೋಗದೆ, ಒದ್ದೆ ಕೈಯಲ್ಲಿ ಮುಟ್ಟಿದ್ದೇ ಕಾರಣ ಎಂದು ಬರೆದುಕೊಂಡರು. ಮಾಲೀಕರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ನಾನೊಂದು ಮಾತು ಆಡಿದ್ದರೆ ಆಕೆಯ ಕೆಲಸ ಉಳಿಯುತ್ತಿತ್ತು. ಆಡಲಿಲ್ಲ. ಶೆಡ್ಡಿಗೆ ಬೀಗ ಬೀಳುತ್ತದೆಂಬ ಭಯ, ಅಷ್ಟೇ. ತಿಂಗಳೊಳಗೆ, ಎಚ್ಚರವಿಲ್ಲದವಳು ಎಂದು ಹೇಳಿ ಆಕೆಯನ್ನು ಕೆಲಸದಿಂದ ಬಿಡಿಸಿದರು.

ಮೊನ್ನೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕರು. ಎಡಗೈಯಲ್ಲಿ ಸೊಪ್ಪಿನ ಕಂತೆ ಜೋಡಿಸುತ್ತ ಕೂತಿದ್ದರು. ತಪ್ಪಿಸಿಕೊಂಡು ಹೋಗೋಣವೆಂದರೆ ಅಷ್ಟರಲ್ಲಿ ನೋಡಿಬಿಟ್ಟರು. ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

“ನೀವು ಚಪ್ಲಿ ಆಕ್ಕೊ ಅಂದ್ರಿ, ನಾನೇ ಕೇಳ್ನಿಲ್ಲ. ನಿಮ್ ಪ್ಯಾನಲ್ಗೆ ಕೆಟ್ಟೆಸ್ರು ತಂದ್ಬುಟ್ಟೆ. ತಪ್ಪಾಯ್ತು ಸಾ.”

ಆಗಲಾದರೂ ಹೇಳಬಹುದಿತ್ತು. ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿತ್ತು.

“ಇರ್ಲಿ ಬಿಡಕ್ಕಾ,” ಎಂದೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನ ಹಾಗೆ.