ಮಾಮಾ ಹೊಡೆದ ದೀಡ್

ಓದುವವರಿಗೆಲ್ಲ ಶರಣು. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹತ್ತನೆಯ ತರಗತಿ ಪಾಸಾದಾಗ ನನಗೆ ಇಪ್ಪತ್ತೈದು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ನಗರದ ಖೂಬಾ ಪ್ಲಾಟ್ ಬಡಾವಣೆಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ವಿಬಿ ಎಂಬ ಪ್ರೋಗ್ರಾಂ ಬರೆಯುವ ಭಾಷೆ ಕಲಿಯುತ್ತಿದ್ದೆ. ಪಕ್ಕದ ಕುರ್ಚಿಯವನು ಡಿಗ್ರಿ ಮುಗಿಸಿದವನು; ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಕೀಬೋರ್ಡ್ ನೋಡದೆ ಹತ್ತು ಬೆರಳಿನಲ್ಲಿ ಹೊಡೆಯುತ್ತಿದ್ದ. ಆ ಸದ್ದು ಕೇಳಿದರೇ ನನಗೆ ಉರಿಯುತ್ತಿತ್ತು.

ಕ್ಲಾಸಿಗೆ ಒಬ್ಬ ಲ್ಯಾಬ್ ಮಾಸ್ತರ ಬೇಕಾಗಿದ್ದ. ಸರ್ ನಮ್ಮಿಬ್ಬರಿಗೇ ಪರೀಕ್ಷೆ ಇಟ್ಟರು. ಬಾಳೆಹಣ್ಣಿನ ತೂಕ ಬರೆದಿಡುವ ಪ್ರೋಗ್ರಾಂ ಮಾಡಬೇಕು. ಕಂಪ್ಯೂಟರ್ ಮುಟ್ಟದವರೊಬ್ಬರು ಅದನ್ನು ನಡೆಸಬೇಕು. ಯಾರದು ಬೀಳದೆ ನಿಲ್ಲುತ್ತದೋ ಅವರಿಗೆ ಕೆಲಸ. ನಡೆಸಲು ನಾನೇ ಸೋದರಮಾವನನ್ನು ಕರೆತಂದೆ. ಕಮಲಾಪುರದಲ್ಲಿ ಅವರದು ಕೆಂಪು ಬಾಳೆಯ ತೋಟ. ಮನೆಯವರು ನನ್ನ ಕಡೆ ಇರುತ್ತಾರೆಂಬ ಆಸೆ.

ಮಾಮಾ ಮೊದಲು ಅವನ ಕಂಪ್ಯೂಟರಿನ ಮುಂದೆ ಕುಳಿತರು. ಒಂದೂವರೆಗೆ ನಮ್ಮ ಕಡೆ ದೀಡ್ ಅನ್ನುತ್ತಾರೆ. ಅಂಕಿ ಬರೆಯಬೇಕಾದ ತೂಕದ ಖಾನೆಯಲ್ಲಿ ಅವರು ಡಿ, ಇ, ಇ, ಡಿ ಎಂದು ಇಂಗ್ಲಿಷ್ ಅಕ್ಷರ ಹುಡುಕಿ ಹೊಡೆದು ಪರದೆಯ ಗುಂಡಿ ಒತ್ತಿದರು. ಚಿಕ್ಕ ಪೆಟ್ಟಿಗೆಯೊಂದು ಬಂತು: ‘ಅಂಕಿ ಹಾಕ್ರಿ. 1.5?’

“ಎಪ್ಪಾ, ಇದು ಮಾತಾಡ್ತದಲ್ಲೋ!” ಎಂದರು ಮಾಮಾ.

ನಾನು ಹೆದರಲಿಲ್ಲ. ‘ತಪ್ಪು ಬಂದರೆ ಇಲ್ಲಿಗೆ ಹೋಗು’ ಎಂಬ ಸಾಲು ನನ್ನದರಲ್ಲೂ ಇತ್ತು. ಖಾನೆ, ಗುಂಡಿಗಳಿರುವ ಫಾರ್ಮ್ ತೆರೆಯುವ ಜಾಗದಲ್ಲಿ, ಬಾಗಿಲಿಗೆ ದೃಷ್ಟಿಯ ನಿಂಬೆಹಣ್ಣು ಕಟ್ಟಿದ ಹಾಗೆ, ಒಂದೇ ಸಲ ಬರೆದಿದ್ದೆ.

ಮಾಮಾ ನನ್ನದರಲ್ಲೂ ದೀಡ್ ಹೊಡೆದರು. ಇಂಗ್ಲಿಷಿನ ಒಂದು ಸಾಲು ಬಂತು, ಇಡೀ ಪ್ರೋಗ್ರಾಂ ಮಾಯವಾಯಿತು.

“ಎಲ್ಲಿ ಹೋಯ್ತೋ ನಿಂದು? ಈಗ ಇಲ್ಲೇ ಇತ್ತಲ್ಲ!”

“ಅಂಕಿ ಹಾಕಬೇಕಿತ್ರೀ ಮಾಮಾ...”

“ತಪ್ಪಾದ್ರ ಅಂವಂದು ಹೇಳ್ತದ. ನಿಂದು ಹೊಸಾ ಅಳಿಯನಂಗ ಸಿಟ್ಟಾಗಿ ಎದ್ದೇ ಹೋಗ್ತದಲ್ಲೋ!”

ಸರ್ ಕೂಡ ನಕ್ಕರು. ಕೆಲಸ ಅವನಿಗೆ ಸಿಕ್ಕಿತು.

ವಿಬಿಯಲ್ಲಿ ಎಲ್ಲ ತಪ್ಪನ್ನೂ ಸದ್ದಿಲ್ಲದೆ ನುಂಗಿ ಮುಂದೆ ಹೋಗುವ ಸಾಲೊಂದಿದೆ. ಅದನ್ನು ಹಾಕಿ ಮೋಸ ಮಾಡಿರಬೇಕು ಎಂದುಕೊಂಡು, ಅವನು ಚಹಾಕ್ಕೆ ಹೋದಾಗ ಕಳ್ಳನಂತೆ ಅವನ ಕೋಡ್ ತೆರೆದೆ. ಆ ಸಾಲು ಇರಲಿ ದೇವರೇ ಎಂದು ಬೇಡಿಕೊಂಡೆ. ಇರಲಿಲ್ಲ. ಒಂದೊಂದು ಗುಂಡಿಯ ಒಳಗೂ ಬೇರೆ ಬೇರೆ ಕಾವಲು.

ಹಿಂದಿನಿಂದ ಅವನ ದನಿ ಬಂತು. “ಫಾರ್ಮ್ ತೆರೆಯೋ ಕೆಲಸ ಮುಗೀತಂದ್ರ ಅಲ್ಲಿಯ ಸಾಲಿನ ಕೆಲಸಾನೂ ಮುಗೀತ್ರೀ ಅಣ್ಣಾ. ಆಮ್ಯಾಲ ಒಂದೊಂದು ಕ್ಲಿಕ್ಕೂ ಹೊಸದಾಗೇ ಬರ್ತದ. ತಪ್ಪು ಅಲ್ಲಲ್ಲೇ ಹಿಡೀಬೇಕು.”

ಬೈದಿದ್ದರೆ ಚೆನ್ನಾಗಿತ್ತು. “ಮತ್ತ ದೀಡ್? ಹಂಗ ಬರೀತಾರಂತ ನಿನಗ ಹೆಂಗ ಹೊಳೀತು?” ಎಂದೆ.

“ನಮ್ಮ ಆಯೀನೂ ಹಂಗೇ ಅಂತಾಳ್ರೀ.”

ಕೆಲಸ ಹೋದದ್ದಕ್ಕಿಂತ ಈ ಮಾತು ಇವತ್ತಿಗೂ ಉರಿಸುತ್ತದೆ. ನಮ್ಮವ್ವನೂ ದೀಡ್ ಅನ್ನುತ್ತಿದ್ದಳು. ಪ್ರೋಗ್ರಾಂ ಬರೆಯುವಾಗ ಅವನಿಗೆ ತಾಯಿ ನೆನಪಾದಳು. ನನ್ನ ಕಣ್ಣ ಮುಂದೆ ಅವನ ಹತ್ತು ಬೆರಳೇ ಕುಣಿಯುತ್ತಿದ್ದವು.

ನಿಮ್ಮ ಪಕ್ಕದ ಕುರ್ಚಿಯಲ್ಲೂ ಇಂಥವನೊಬ್ಬ ಇದ್ದನೇ? ಇದ್ದರೆ ಬರೆದು ತಿಳಿಸಿ. ಹೀಗೆ ಉರಿದದ್ದು ನನ್ನೊಬ್ಬನ ಹೊಟ್ಟೆಯಷ್ಟೇ ಅಲ್ಲ ಎಂದಾದರೂ ಗೊತ್ತಾಗಲಿ.