ದರ್ಶನಕ್ಕಿಟ್ಟ ಮೈಕ್ರೋಸ್ಕೋಪು

ಈ ಸಲದ ಆಯುಧಪೂಜೆಯ ಮಾರನೆಯ ದಿನ, ನಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನಿಂದ ತಲೆ ಎತ್ತಿದರೆ ಕಣ್ಣಿನ ಸುತ್ತ ಕುಂಕುಮದ ಉಂಗುರ. ಯಾರೋ ಭಕ್ತಿ ಉಕ್ಕಿ ಲೆನ್ಸಿನ ಅಂಚಿಗೇ ಬಳಿದಿದ್ದರು. ಜೊತೆಯವರು ನಕ್ಕರು. ನನಗೆ ಮಾತ್ರ ಚಾಮರಾಜಪೇಟೆಯ ಶಾಲೆಯ ಸೈನ್ಸ್ ಮಿಸ್ ನೆನಪಾದರು...

ಆ ಕನ್ನಡ ಶಾಲೆಯಲ್ಲಿ ಇದ್ದದ್ದು ಒಂದೇ ಮೈಕ್ರೋಸ್ಕೋಪು. ಮಕ್ಕಳ ಕೈಗೆ ಕೊಟ್ಟರೆ ಹಾಳಾಗುತ್ತದೆಂದು ಅದು ವರ್ಷವಿಡೀ ಬೀರುವಿನಲ್ಲಿ. ಬೀಗದ ಕೈ ಹೆಡ್‌ಮಿಸ್ ಸೊಂಟದಲ್ಲಿ. ಆಯುಧಪೂಜೆಗೆ ಮಾತ್ರ ಹೊರಗೆ ಬಂದು, ಹೂ ಮುಡಿದು, ಮಂಗಳಾರತಿ ಮಾಡಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ನಾವು ಜೀವಕೋಶದ ಚಿತ್ರವನ್ನು ಬೋರ್ಡು ನೋಡಿ ಬರೆದು, ಉರು ಹೊಡೆದು, ಮಾರ್ಕ್ಸ್ ತೆಗೆಯುತ್ತಿದ್ದೆವು.

ಮಿಸ್ ನಮ್ಮ ಹತ್ತನೇ ತರಗತಿಗೆ ತಾತ್ಕಾಲಿಕವಾಗಿ ಬಂದವರು. ಬೀಗದ ಕೈಯನ್ನು ಎಷ್ಟು ಸಲ ಕೇಳಿದರೂ ಸಿಗಲಿಲ್ಲ. ಕೊನೆಗೆ ಪೂಜೆಯ ಅಲಂಕಾರ ನಾನೇ ಮಾಡ್ತೀನಿ ಎಂದು ವಹಿಸಿಕೊಂಡರು. ಮೈಕ್ರೋಸ್ಕೋಪನ್ನು ಕಿಟಕಿಯ ಬೆಳಕಿಗೆ ಇಟ್ಟು, ದೇವರಿಗೆ ತಂದ ದಾಸವಾಳದ ಪರಾಗವನ್ನು ಗಾಜಿನ ಮೇಲೆ ಉದುರಿಸಿ, ಪೂಜೆಗೆ ಮೊದಲೇ ಎಲ್ಲ ಹೊಂದಿಸಿಬಿಟ್ಟಿದ್ದರು. ಮಂಗಳಾರತಿ ಮುಗಿದದ್ದೇ ನಮ್ಮನ್ನು ಸಾಲು ನಿಲ್ಲಿಸಿದರು.

ಹೆಡ್‌ಮಿಸ್ ದಾಪುಗಾಲು ಹಾಕಿ ಬಂದರು. "ಪೂಜೆಗಿಟ್ಟಿದ್ದನ್ನ ಕದಲಿಸೋವರ್ಗೂ ಮುಟ್ಟಬಾರ್ದು, ಗೊತ್ತಿಲ್ವೇನಮ್ಮಾ?"

"ಯಾರೂ ಮುಟ್ತಿಲ್ಲ ಮೇಡಂ. ದರ್ಶನ ಮಾಡ್ತಿದಾರೆ," ಎಂದರು ಮಿಸ್, ಕೈ ಕಟ್ಟಿಕೊಂಡು. ದರ್ಶನ ಬೇಡ ಅನ್ನುವುದು ಹೇಗೆ? ಹೆಡ್‌ಮಿಸ್ ಮುಖ ಸಿಂಡರಿಸಿಕೊಂಡು ನಿಂತರು.

ನನ್ನ ಸರದಿ ಬಂತು. "ಮಿಸ್, ಬರೀ ಹುಲ್ಲು ಕಾಣ್ತಿದೆ."

"ಅದು ನಿನ್ನ ರೆಪ್ಪೆ ಕಣೇ. ಚೂರು ಹಿಂದಕ್ಕೆ ಬಾ."

ಹಿಂದಕ್ಕೆ ಬಂದೆ. ಕದಂಬದ ಹೂವಿನಂಥ ಮುಳ್ಳುಮುಳ್ಳು ಉಂಡೆಗಳು! ದಿನಾ ದೇವರ ತಲೆಯ ಮೇಲೆ ಕಾಣುವ ಹೂವಿನೊಳಗೆ ಇಷ್ಟೆಲ್ಲ ಇತ್ತೇ ಎಂದು ಮೈ ಜುಮ್ಮೆಂದಿತು. ಹಿಂದಿನವಳು ತಳ್ಳುವವರೆಗೂ ನಾನು ತಲೆ ಎತ್ತಲಿಲ್ಲ.

ಕನ್ನಡ ಮೀಡಿಯಂ ಹುಡುಗಿಗೆ ಸೈನ್ಸ್ ಕಬ್ಬಿಣದ ಕಡಲೆ, ಮುಂದೆ ಆರ್ಟ್ಸೇ ಸಾಕು ಎಂದು ಅಪ್ಪ ಆಗಲೇ ತೀರ್ಮಾನಿಸಿದ್ದರು. ನಾನೂ ತಲೆಯಾಡಿಸಿದ್ದೆ. ಅವತ್ತು ಮನೆಗೆ ಹೋಗಿ ಆರ್ಟ್ಸ್ ಆಗಲ್ಲ, ಸೈನ್ಸೇ ಬೇಕು ಅಂದೆ. ಎರಡು ದಿನ ಊಟ ಬಿಟ್ಟೆ. ಅಪ್ಪ ಸೋತರು.

ದಸರಾ ರಜೆ ಮುಗಿದು ಶಾಲೆಗೆ ಹೋದಾಗ ಮಿಸ್ ಇರಲಿಲ್ಲ. ಹಿರಿಯರಿಗೆ ಎದುರಾಡುತ್ತಾರೆಂದು ಬಿಡಿಸಿದರಂತೆ. ನಮ್ಮ ದರ್ಶನಕ್ಕೆ ಅವರು ತೆತ್ತದ್ದು ತಮ್ಮ ಕೆಲಸವನ್ನು...

ಬಡ ದೇಶದ ಮಕ್ಕಳಿಗೆ ವಿಜ್ಞಾನ ಬೇಕು, ತಂತ್ರಜ್ಞಾನ ಬೇಕು ಎಂಬ ಭಾಷಣ ಈಗಲೂ ಕೇಳುತ್ತಿರುತ್ತೇನೆ. ಬೇಡ ಎಂದವರು ಯಾರು? ಬೀರು ತೆಗೆಸುವವರು ಬೇಕು, ಅಷ್ಟೇ.

ಹೋದ ವಾರ ವಿಶ್ವೇಶ್ವರಪುರಂನಲ್ಲಿ ಹಳೆಯ ಸಹಪಾಠಿಯೊಬ್ಬಳು ಸಿಕ್ಕಳು. ಮಿಸ್ ತೀರಿಕೊಂಡು ಎರಡು ವರ್ಷವಾಯಿತಂತೆ. ಅದಕ್ಕೆ ಮುಂಚೆ ಇವಳು ಒಮ್ಮೆ ಅವರ ಮನೆಗೆ ಹೋಗಿದ್ದಳಂತೆ. "ನಿಮ್ಮಲ್ಲಿ ಯಾರಾದ್ರೂ ಸೈನ್ಸ್ ತಗೊಂಡ್ರಾ ಅಂತ ಕೇಳಿದ್ರು ಕಣೇ. ನಂಗೆ ಗೊತ್ತಿಲ್ಲ ಮಿಸ್ ಅಂದ್ಬಿಟ್ಟೆ."

ಮನೆ ಎಲ್ಲಿತ್ತು ಎಂದು ಕೇಳಿದೆ. ಬಸವನಗುಡಿಯಲ್ಲಿ. ನಾನು ದಿನಾ ಸಂಜೆ ಬಸ್ಸಿಳಿಯುವ ಸ್ಟಾಪಿನ ಎದುರಿಗೇ.